ಹಗ್ಗದ ಮೇಲಿನ ಹಳದಿ ಸೀರೆ

ನಾನು ಚಿಕ್ಕವನಿದ್ದಾಗ ಸಮುದ್ರಕ್ಕೆ ತಳ ಉಂಟು ಎಂಬುದೇ ನನಗೆ ಗೊತ್ತಿರಲಿಲ್ಲ. ನಗಬೇಡಿ ಮಕ್ಕಳೇ. ಬಾವಿಗೆ ತಳ ಉಂಟು, ಕೆರೆಗೆ ತಳ ಉಂಟು, ಅಮ್ಮನ ಅಕ್ಕಿ ಡಬ್ಬಿಗಂತೂ ತಿಂಗಳ ಕೊನೆಗೆ ತಳ ಕಂಡೇ ಕಾಣುತ್ತಿತ್ತು. ಆದರೆ ಸಮುದ್ರ ಮಾತ್ರ ಸುಮ್ಮನೆ ಹಾಸಿಕೊಂಡಿರುತ್ತಿತ್ತು. ಅದರ ಕೆಳಗೆ ಕಲ್ಲು, ಮಣ್ಣು, ಬಂಡೆ ಏನಾದರೂ ಇರಬಹುದು ಎಂದು ನಾನು ಯೋಚಿಸಿದವನೇ ಅಲ್ಲ. ಹತ್ತು ವರ್ಷದ ತಲೆಗೆ ಅಷ್ಟೆಲ್ಲ ಯೋಚನೆ ಎಲ್ಲಿಂದ ಬರಬೇಕು?

ನಮ್ಮ ಮನೆ ಉರ್ವದಲ್ಲಿ, ಒಂದು ಗುಡ್ಡೆಯ ಅಂಚಿನಲ್ಲಿತ್ತು. ಈಗ ಅಲ್ಲಿ ನಿಂತರೆ ಎದುರು ಮನೆಯವರ ನೀರಿನ ಟ್ಯಾಂಕ್ ಕಾಣುತ್ತದೆ, ಅಷ್ಟೆ. ಆಗ ಕೆಳಗಿನ ತೆಂಗಿನ ತೋಟ, ಅದರಾಚೆ ಹೊಳೆ, ಹೊಳೆಯಾಚೆ ಬೆಂಗ್ರೆಯ ಉದ್ದನೆಯ ಮರಳುಪಟ್ಟಿ, ಅದರಾಚೆ ಸಮುದ್ರ, ಎಲ್ಲ ಕಾಣುತ್ತಿತ್ತು. ಅಂಗಳದ ಪಡುಬದಿಯ ತುದಿಯಲ್ಲಿ ಎರಡು ತೆಂಗಿನಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ ಇತ್ತು. ಆ ಹಗ್ಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಗ್ಗದಿಂದ ಬಟ್ಟೆ ತೆಗೆಯುವುದು ಅಕ್ಕನ ಕೆಲಸ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಮ್ಮನಾದರೆ ಎಲ್ಲವನ್ನೂ ಒಂದೇ ಸಲಕ್ಕೆ ಎಳೆದು, ತೋಳಿಗೆ ಹೇರಿಕೊಂಡು ಓಡಿಬರುವವರು. ಅಕ್ಕ ಹಾಗಲ್ಲ. ಸೀರೆಯನ್ನು ಹಗ್ಗದ ಮೇಲೆಯೇ ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಆಮೇಲೆ ಕೈಗೆತ್ತಿಕೊಳ್ಳುವವಳು. ಆಕಾಶ ಕಳಚಿ ತಲೆಯ ಮೇಲೆ ಬೀಳುತ್ತಿದ್ದರೂ ಅವಳಿಗೆ ಅವಸರವಿಲ್ಲ. ನೀನು ಮಡಚಿ ಮುಗಿಸುವಷ್ಟರಲ್ಲಿ ಮಳೆ ಬಂದು ಹೋಗಿಯೂ ಆಗುತ್ತದೆ ಎಂದು ಅಮ್ಮ ಬೈಯುತ್ತಿದ್ದರು. ಊರಿನಲ್ಲಿ ಹಾಗೆ ಬಟ್ಟೆ ತೆಗೆಯುವವರು ಇನ್ನೊಬ್ಬರು ಇರಲಿಲ್ಲ.

ನನ್ನ ಹತ್ತನೇ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಟೈಫಾಯ್ಡ್ ಬಂತು. ಒಂದು ತಿಂಗಳು ಕಾಡಿ ಜ್ವರ ಬಿಟ್ಟಿತು, ಆದರೆ ಅಕ್ಕ ಏಳಲಿಲ್ಲ. ಒಮ್ಮೆ ತಾನಾಗಿ ನಿಲ್ಲಲು ಹೋಗಿ ಹೊಸ್ತಿಲ ಬಳಿ ದೊಪ್ಪನೆ ಬಿದ್ದಳು. ಅಂದಿನಿಂದ ಕಾಲು ಊರಲು ಹೆದರಿಕೆ. ಬಚ್ಚಲಿಗೂ ಅಪ್ಪ ಅಮ್ಮ ಎರಡೂ ಕಡೆ ಹಿಡಿದು ಕರೆದೊಯ್ಯಬೇಕು. ಉಳಿದ ಹೊತ್ತೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ತಲೆಯ ಹತ್ತಿರ ಇಟ್ಟ ಗಂಜಿ ಆರಿ ಕೆನೆಗಟ್ಟಿ ಹಾಗೇ ಇರುತ್ತಿತ್ತು. ಕಂಕನಾಡಿಯ ಡಾಕ್ಟರು ಬಂದು ನೋಡಿದರು. ಮೈಯಲ್ಲಿ ಈಗ ರೋಗವಿಲ್ಲ, ಚೆನ್ನಾಗಿ ತಿನ್ನಬೇಕು, ಅವಳಾಗಿಯೇ ಎದ್ದು ನಡೆಯಬೇಕು, ಹೀಗೆಯೇ ಮಲಗಿದ್ದರೆ ಕಾಲಿನ ಶಕ್ತಿ ಹೋಗಿಯೇಬಿಡುತ್ತದೆ ಎಂದು ಜಗಲಿಯಲ್ಲಿ ಅಪ್ಪನ ಹತ್ತಿರ ಮೆಲ್ಲಗೆ ಹೇಳಿದರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಅಂದು ನನಗೆ ಆದ ಹೆದರಿಕೆ ಈಗಲೂ ನೆನಪಿದೆ.

ಒಂದು ಸಂಜೆ ಅಕ್ಕ ಗೋಡೆಗೇ ಹೇಳುವ ಹಾಗೆ, ಮುರು ಮೀನಿನ ಸಾರು ಇದ್ದರೆ ಒಂದು ತುತ್ತು ಉಣ್ಣಬಹುದಿತ್ತು ಅಂದಳು. ಅಪ್ಪ ಎದ್ದು ನಿಂತೇಬಿಟ್ಟರು. ಮುರು ಮೀನು ಬೂತಾಯಿ ಬಂಗುಡೆಗಳ ಹಾಗೆ ಗುಂಪಿನಲ್ಲಿ ತಿರುಗುವ ಮೀನಲ್ಲ. ಸಮುದ್ರದ ತಳದಲ್ಲಿ ಬಂಡೆಯ ಸಂದಿಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಅದನ್ನು ಹಿಡಿಯಬೇಕಾದರೆ ಆ ಬಂಡೆಯ ನೆತ್ತಿಯ ಮೇಲೆಯೇ ದೋಣಿ ನಿಲ್ಲಿಸಿ, ಕೈಯಲ್ಲಿ ಗಾಳ ಇಳಿಬಿಡಬೇಕು. ಆಚೀಚೆ ಹತ್ತು ಮಾರು ಹೋದರೆ ಬರೀ ಮರಳು, ಮೀನಿನ ಸುಳಿವಿಲ್ಲ.

ಅಪ್ಪ ಮೀನುಗಾರರಲ್ಲ, ಹಂಚಿನ ಕಾರ್ಖಾನೆಯಲ್ಲಿ ಬೆಂಕಿಯ ಗೂಡಿನ ಮುಂದೆ ಕೆಲಸ ಮಾಡುವವರು. ಆದರೆ ಅವರಿಗೆ ಶಾಲೆಯಿಂದಲೂ ಜೊತೆಗಿದ್ದ ಇಬ್ಬರು ಗೆಳೆಯರಿದ್ದರು. ಒಬ್ಬರು ಕುದ್ರೋಳಿಯ ಕಾಕ. ದೋಣಿ ಅವರದ್ದು, ಬಂಡೆ ಇರುವ ಜಾಗ ಗೊತ್ತಿದ್ದದ್ದೂ ಅವರಿಗೇ. ಇನ್ನೊಬ್ಬರು ಉರ್ವ ಮಾರ್ಕೆಟಿನ ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಮಾಮ. ಕಾರ್ಖಾನೆಗೆ ರಜೆ ಇರುವ ಭಾನುವಾರ ಮೂವರೂ ಕೂಡಿ ಗಾಳಕ್ಕೆ ಹೋಗುವುದುಂಟು. ಮಳೆಗಾಲ ಮುಗಿಯುತ್ತ ಬರುವ ಸೋಣ ತಿಂಗಳು ಆಗಷ್ಟೇ ಕಳೆದಿತ್ತು. ಆ ದಿನಗಳಲ್ಲಿ ಆಕಾಶವನ್ನು ನಂಬುವಂತಿಲ್ಲ, ಒಂದು ಕಣ್ಣಲ್ಲಿ ಬಿಸಿಲು, ಒಂದು ಕಣ್ಣಲ್ಲಿ ಮಳೆ. ಆದರೂ ಅಕ್ಕನಿಗೆಂದು ಕೇಳಿದ ಮೇಲೆ ಇಬ್ಬರೂ ಎರಡು ಮಾತು ಆಡಲಿಲ್ಲ.

ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಹೇಳಿದರು. ಗೂಡಿನ ಬೆಂಕಿ ನೋಡಿ ನೋಡಿ ಅವರ ಕಣ್ಣು ದೂರಕ್ಕೆ ಮಂಜಾಗಿತ್ತು. ನನ್ನ ಕಣ್ಣೋ, ಗುಡ್ಡೆಯ ಮೇಲಿಂದ ಬೆಂಗ್ರೆಯ ಕಾಗೆ ಎಣಿಸುವ ಕಣ್ಣು. ನಾನು ಉಬ್ಬಿಹೋಗಿ ಅಕ್ಕನ ಹತ್ತಿರ ಕೂತು ಕೊಚ್ಚಿಕೊಂಡೆ. ಸಮುದ್ರದಿಂದ ನಮ್ಮ ಅಂಗಳವೂ ಕಾಣುತ್ತದೆ, ನಾನು ನೋಡಿ ಬರುತ್ತೇನೆ ಎಂದೆ. ಅಕ್ಕ ತಿರುಗದೆಯೇ, ಸುಳ್ಳು ಅಂದಳು. ಆಮೇಲೆ, "ಹಾಗಾದ್ರೆ ನನ್ನ ಹಳದಿ ಸೀರೆ ಹಗ್ಗಕ್ಕೆ ಹಾಕಿ ಹೋಗು. ಕಂಡ್ರೆ ಬಂದು ಹೇಳು" ಅಂದಳು.

ಅದು ಅವಳು ಒಂದೇ ಸಲ ಉಟ್ಟ ಸೀರೆ. ಭಾನುವಾರ ಬೆಳಕು ಹರಿಯುವಾಗ ನಾನು ಅದನ್ನು ಪೆಟ್ಟಿಗೆಯಿಂದ ತೆಗೆದು, ಹಗ್ಗದ ಉದ್ದಕ್ಕೂ ಬಿಡಿಸಿ ಹಾಕಿದೆ. ಕರ್ಪೂರದ ವಾಸನೆ ಬರುತ್ತಿತ್ತು. ಅಮ್ಮ ಅಕ್ಕನ ಹೆಸರಿನಲ್ಲಿ ಹರಕೆಯ ಎಣ್ಣೆ ಹಿಡಿದುಕೊಂಡು ಕುದ್ರೋಳಿಯ ದೇವಸ್ಥಾನಕ್ಕೆ ಹೊರಟಿದ್ದರು, ಮಧ್ಯಾಹ್ನದ ಪೂಜೆ ಮುಗಿಸಿಯೇ ಬರುವವರು. ಮನೆಯಲ್ಲಿ ಅಕ್ಕನ ಜೊತೆಗೆ ಅಜ್ಜಿ ಒಬ್ಬರೇ. ಗಂಟುನೋವಿನ ಅಜ್ಜಿಗೆ ಜಗಲಿಯ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

ದೋಣಿ ಹೊಳೆಯಲ್ಲಿ ಸದ್ದಿಲ್ಲದೆ ಸಾಗಿತು. ನೀರಿನ ಮೇಲೆ ಹಬೆ ಎದ್ದಿತ್ತು. ಬೆಂಗ್ರೆಯ ಮನೆಗಳಲ್ಲಿ ಒಲೆ ಹೊತ್ತಿಸಿದ ಹೊಗೆ, ಒಣಮೀನಿನ ವಾಸನೆ, ಎಲ್ಲೋ ಒಂದು ಕೋಳಿ. ಮಾಮ ತಂದಿದ್ದ ಬನ್ನುಗಳು ಇನ್ನೂ ಬಿಸಿಯಾಗಿದ್ದವು. ನಾನು ಒಂದನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದೆ, ತಿನ್ನುವುದಕ್ಕಲ್ಲ, ಚಳಿಗೆ. ಅಳಿವೆ ಬಾಗಿಲಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ದೋಣಿ ಒಮ್ಮೆ ಎದ್ದು ಒಮ್ಮೆ ಇಳಿಯಿತು. ಆಮೇಲೆ ಎಲ್ಲ ಶಾಂತ. ಕಾಕ ಹಾಯಿ ಬಿಚ್ಚಿದರು. ಊರು ಮೆಲ್ಲಮೆಲ್ಲಗೆ ಚಿಕ್ಕದಾಗುತ್ತ ಹೋಯಿತು. ನಾನು ದಿನಾ ಓಡಾಡುವ ಊರು ಅದೇ ಹೌದೋ ಅಲ್ಲವೋ ಎಂದು ಅನುಮಾನ ಬರುವಷ್ಟು ಚಂದ ಕಾಣುತ್ತಿತ್ತು.

ನೀರಿನಲ್ಲಿ ಬೋರ್ಡು ಇಲ್ಲ, ಮೈಲುಗಲ್ಲು ಇಲ್ಲ. ಬಂಡೆಯನ್ನು ಹುಡುಕುವುದು ಹೇಗೆ ಗೊತ್ತೇ? ದಡದ ಗುರುತುಗಳಿಂದ. ಹತ್ತಿರದ ಒಂದು ಮರ, ಅದರ ಹಿಂದೆ ದೂರದ ಒಂದು ವಸ್ತು, ಎರಡೂ ಒಂದೇ ಗೆರೆಯಲ್ಲಿ ಬರುವ ತನಕ ದೋಣಿ ಸರಿಸಬೇಕು. ಇನ್ನೊಂದು ಬದಿಯಲ್ಲೂ ಹಾಗೇ ಒಂದು ಜೋಡಿ. ಎರಡೂ ಜೋಡಿ ಸರಿಯಾಗಿ ಕೂತರೆ ಕೆಳಗೆ ಬಂಡೆ. ಮೂವರು ಗೆಳೆಯರಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ತನ್ನದೇ ಗುರುತು ಇಟ್ಟುಕೊಳ್ಳಬೇಕು, ಅದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಬಂಡೆ ಮುನಿಸಿಕೊಂಡು ಮೀನನ್ನು ಬಚ್ಚಿಡುತ್ತದೆ ಎಂದು ಕಾಕ ಹೇಳುತ್ತಿದ್ದರು. ಬೇರೆ ದೋಣಿಯವರ ಕಿವಿಗೆ ಬೀಳಬಾರದೆಂಬ ಜಾಣತನ ಅದು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ಕಾಕ ಉತ್ತರದ ಗುಡ್ಡ ನೋಡಿ, ಕಾರ್ಖಾನೆಯ ಚಿಮಣಿ ನೋಡಿ, ದೋಣಿಯನ್ನು ಅತ್ತ ಇತ್ತ ಸರಿಸಿ ನಿಲ್ಲಿಸಿದರು. ಆಮೇಲೆ ನೂಲಿಗೆ ಕಟ್ಟಿದ ಸೀಸದ ಗುಂಡಿನ ತಳದಲ್ಲಿದ್ದ ಕುಳಿಗೆ ಬಟ್ಟೆ ಒಗೆಯುವ ಸೋಪು ಮೆತ್ತಿ ನನ್ನ ಕೈಗೆ ಕೊಟ್ಟರು. ನಾನು ಬಿಟ್ಟೆ. ನೂಲು ಬೆರಳ ಮೇಲಿಂದ ಜಾರುತ್ತಲೇ ಇತ್ತು, ಜಾರುತ್ತಲೇ ಇತ್ತು. ಮುಗಿಯುವುದೇ ಇಲ್ಲವೇನೋ ಅನ್ನಿಸುವಾಗ ಟಕ್ ಎಂದು ನಿಂತಿತು. ಅದೇ ಸಮುದ್ರದ ತಳ! ನನ್ನ ತೋರುಬೆರಳು ಅದನ್ನು ಮುಟ್ಟಿದ ಹಾಗಾಯಿತು. ಮೇಲೆಳೆದು ನೋಡಿದರೆ ಸೋಪಿಗೆ ಒಂದು ಕಾಳು ಮರಳೂ ಅಂಟಿರಲಿಲ್ಲ, ಬದಲಿಗೆ ಒಂದು ಗೀರು ಬಿದ್ದಿತ್ತು. ಮರಳು ಅಂಟಿದರೆ ಮರಳು, ಗೀರು ಬಿದ್ದರೆ ಬಂಡೆ. ನಾನು ಆ ಗೀರನ್ನು ಎಷ್ಟು ಹೊತ್ತು ನೋಡಿದೆನೋ. ಯಾರೂ ಕಾಣದ ಜಾಗದಿಂದ ಬಂದ ಕಾಗದದ ಹಾಗೆ ಇತ್ತು ಅದು.

"ಈಗ ನೀನೂ ಒಂದು ಗುರುತು ಇಟ್ಕೊ. ಬಾಯಲ್ಲಿ ಹೇಳ್ಲಿಕ್ಕಿಲ್ಲ" ಎಂದರು ಕಾಕ.

ನಾನು ದಡ ನೋಡಿದೆ. ಬೆಂಗ್ರೆಯಲ್ಲಿ ಉಳಿದವಕ್ಕಿಂತ ಎತ್ತರದ ಒಂದು ತೆಂಗಿನಮರ. ಅದರ ತಲೆಯ ಮೇಲೆ ಸರಿಯಾಗಿ, ಹಿಂದಿನ ಗುಡ್ಡೆಯ ಹಸಿರಿನಲ್ಲಿ, ಉಗುರಿನಲ್ಲಿ ಎಳೆದಷ್ಟು ಸಣ್ಣ ಹಳದಿ ಗೆರೆ. ಅಕ್ಕನ ಸೀರೆ! ನನಗೆ ಎಷ್ಟು ಖುಷಿಯಾಯಿತೆಂದರೆ ಬೇರೆ ಗುರುತು ಹುಡುಕಲೇ ಇಲ್ಲ. ಅದನ್ನೇ ಇಟ್ಟುಕೊಂಡೆ.

ಎಟ್ಟಿ, ಅಂದರೆ ಸಿಗಡಿಯನ್ನು ಗಾಳಕ್ಕೆ ಚುಚ್ಚಿ ನಾಲ್ವರೂ ನೂಲು ಇಳಿಬಿಟ್ಟು ಕೂತೆವು. ಬಿಸಿಲು ಬೆಚ್ಚಗಿತ್ತು. ದೋಣಿ ತೊಟ್ಟಿಲ ಹಾಗೆ ಆಡುತ್ತಿತ್ತು. ಬೆರಳಿನಲ್ಲಿ ನೂಲು, ನೂಲಿನ ತುದಿಯಲ್ಲಿ ಕತ್ತಲೆ, ಕತ್ತಲೆಯಲ್ಲಿ ಬಂಡೆ, ಬಂಡೆಯ ಸಂದಿಯಲ್ಲಿ ಅಕ್ಕನಿಗಾಗಿ ಕೂತಿರುವ ಒಂದು ಮೀನು. ನನಗೆ ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ಆ ಕನಸಿನಲ್ಲಿ ಅಕ್ಕನೂ ನೀರಿನ ತಳದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಾನು ಮೇಲಿನಿಂದ ನೂಲು ಬಿಟ್ಟು, ಹಿಡಿದುಕೋ ಅಕ್ಕ ಎನ್ನುತ್ತಿದ್ದೆ. ಮಾಮನಿಗೆ ಅಂಗೈಯಗಲದ ಎರಡು ಕೆಂಪು ಮೀನು ಸಿಕ್ಕವು. ಮುರು ಮೀನಿನ ಸುದ್ದಿ ಇಲ್ಲ.

ಆಗ ಅಪ್ಪನ ನೂಲು ಬಿಗಿಯಿತು. ಅಪ್ಪ ಎದ್ದು ಮೊಣಕಾಲೂರಿ ಎಳೆದರು. ಕೆಳಗಿನಿಂದಲೂ ಎಳೆತ. ಕೈಯ ಚರ್ಮ ಸುಲಿಯಿತು. ಅಷ್ಟರಲ್ಲಿ ನೂಲು ಬಂಡೆಗೆ ಉಜ್ಜಿ ತುಂಡಾಯಿತು. ಮುರು ಮೀನೇ, ಸಂದಿಗೆ ನುಗ್ಗಿತು, ಅಲ್ಲೇ ಉಂಟು ಎಂದು ಅಪ್ಪ ಏದುಸಿರು ಬಿಡುತ್ತ ಹೇಳಿ ಹೊಸ ಗಾಳ ಕಟ್ಟಲು ಕೂತರು.

ನಾನು ದಡದ ಕಡೆ ನೋಡಿದೆ. ಹಳದಿ ಗೆರೆ ಇತ್ತು. ನೋಡುತ್ತಿದ್ದಂತೆ ಅದು ಅರ್ಧವಾಯಿತು. ನಾನು ಕಣ್ಣುಜ್ಜಿಕೊಂಡೆ. ಮತ್ತೆ ಅರ್ಧವಾಗಿ ಒಂದು ಚುಕ್ಕೆ ಉಳಿಯಿತು. ಆಮೇಲೆ ಅದೂ ಇಲ್ಲ. ಅಯ್ಯೋ, ನನ್ನ ಗುರುತು ಹೋಯಿತಲ್ಲ ಎಂದು ನನಗೆ ಸಿಟ್ಟು ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ. ತಿರುಗಿ ನೋಡಿದರೆ ನಮ್ಮ ಬೆನ್ನ ಹಿಂದೆ ಪಡುವಣದಲ್ಲಿ ಆಕಾಶ ಮಸಿಯಾಗಿತ್ತು. ದಡಕ್ಕೆ ಮುಖ ಮಾಡಿ ಕೂತ ನಾವು ಯಾರೂ ನೋಡಿರಲಿಲ್ಲ.

ಗಾಳಿ ಒಮ್ಮೆಲೇ ಬಂದು ಬಡಿಯಿತು. ಲಂಗರಿನ ಕಲ್ಲು ಬಂಡೆಯಿಂದ ಜಾರಿ ದೋಣಿ ಓಡತೊಡಗಿತು. ಮಳೆ ಎಂದರೆ ಮಳೆ, ಎದುರು ಕೂತ ಮಾಮನ ಮೂಗೂ ಕಾಣುತ್ತಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ನನ್ನನ್ನು ಮೊಣಕಾಲ ನಡುವೆ ಅವುಚಿ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಬಿಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಕಾಕ ಚುಕ್ಕಾಣಿಗೆ ಮೈಯನ್ನೇ ಒರಗಿಸಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದಿದ್ದರು. ನನ್ನ ಬನ್ನು ನೆನೆದು ಕೈಯಲ್ಲೇ ಕರಗಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಬಂದ ಹಾಗೆಯೇ ಗಾಳಿ ಹೋಯಿತು. ಸಮುದ್ರದ ಮೇಲೆ ಬಿಸಿಲು ಬಿದ್ದು ಎಲ್ಲೆಡೆ ಹಬೆ ಏಳತೊಡಗಿತು. ಬೆಂಗ್ರೆಯೂ ನಮ್ಮ ಗುಡ್ಡೆಯೂ ತೊಳೆದಿಟ್ಟಂತೆ ಕಾಣುತ್ತಿದ್ದವು. ಆದರೆ ಉತ್ತರದ ಗುಡ್ಡ, ಕಾರ್ಖಾನೆಯ ಚಿಮಣಿ ಎರಡೂ ಮೋಡದೊಳಗೆ.

ತನ್ನ ಗುರುತು ಹೋಯಿತು ಎಂದರು ಕಾಕ. ತನ್ನದೂ ಇಲ್ಲ ಎಂದರು ಮಾಮ. ಅಪ್ಪನ ಕಣ್ಣಿಗಂತೂ ದೂರದ ಗುರುತು ಮೊದಲೇ ಕಾಣದು. ಮೂವರೂ ನನ್ನ ಮುಖ ನೋಡಿದರು. ಮೀನು ಕೆಳಗೇ ಇತ್ತು, ಅಕ್ಕನ ಮೀನು. ನಾನು ತಲೆ ತಗ್ಗಿಸಿ, ನನ್ನ ಗುರುತು ಅಕ್ಕನ ಸೀರೆ, ಮಳೆಗೆ ಮೊದಲೇ ಅದನ್ನು ಯಾರೋ ತೆಗೆದುಬಿಟ್ಟರು ಎಂದು ಹೇಳಿ ಅಳತೊಡಗಿದೆ.

ಮಾಮನಿಗೆ ನಗು ತಡೆಯಲಾಗಲಿಲ್ಲ. "ಒಣಗಲಿಕ್ಕೆ ಹಾಕಿದ ಬಟ್ಟೆಯನ್ನು ಯಾರಾದ್ರೂ ಗುರುತು ಇಡ್ತಾರಾ ಮಾರಾಯ? ನಾಳೆ ಇವ ಕಾಗೆಯನ್ನೂ ಇಡ್ತಾನೆ" ಎಂದರು. ಕಾಕನೂ ನಕ್ಕರು. ಅಪ್ಪ ನಗಲಿಲ್ಲ. ಬೈಯಲೂ ಇಲ್ಲ. ನೀರು ಮೊಗೆಯುತ್ತಿದ್ದ ಡಬ್ಬಿಯನ್ನು ಕೆಳಗಿಟ್ಟು ನನ್ನ ಗಲ್ಲ ಹಿಡಿದೆತ್ತಿದರು.

"ಸೀರೆ ಹೇಗೆ ಹೋಯ್ತು? ಗಾಳಿಗೆ ಹಾರಿತಾ?"

"ಇಲ್ಲ ಅಪ್ಪ. ಮೊದಲು ಅರ್ಧ ಆಯ್ತು. ಮತ್ತೆ ಅರ್ಧ ಆಯ್ತು. ಆಮೇಲೆ ಇರ್ಲಿಲ್ಲ."

ಅಪ್ಪ ಕಣ್ಣು ಕಿರಿದು ಮಾಡಿ ಗುಡ್ಡೆಯ ಕಡೆ ನೋಡಿದರು. ಆಗ ನನಗೂ ಮೆಲ್ಲಗೆ ಹೊಳೆಯಿತು. ಅಮ್ಮ ಕುದ್ರೋಳಿಯಲ್ಲಿ. ಅಜ್ಜಿ ಮೆಟ್ಟಿಲು ಇಳಿಯುವವರಲ್ಲ. ನೆರೆಮನೆಯವರು ಬಂದರೂ ಎಳೆದುಕೊಂಡು ಓಡುವವರೇ. ಹಗ್ಗದ ಮೇಲೆಯೇ ಅರ್ಧಕ್ಕೆ ಮಡಚುವವಳು ಒಬ್ಬಳೇ. ಆದರೆ ಅವಳು ಮಂಚದಿಂದ ಹಗ್ಗದ ತನಕ ಬಂದದ್ದು ಹೇಗೆ? ಯಾರ ಕೈ ಹಿಡಿದು?

ಕಾಕ, ಗುಂಡಿಗೆ ಸೋಪು ಹಚ್ಚಿ ಇಲ್ಲೇ ಸುತ್ತ ಹುಡುಕಿದರೆ ಬಂಡೆ ಸಿಗಬಹುದು, ಒಂದು ಗಂಟೆ ಸಾಕು ಎಂದರು. ಅಪ್ಪ ತಲೆಯಾಡಿಸಿದರು.

"ಮೀನು ಅಲ್ಲೇ ಇರ್ಲಿ. ಮನೆಗೆ ಹೋಗುವ."

ಕಾಕ ಅಪ್ಪನ ಮುಖ ನೋಡಿ ಹಾಯಿ ಎತ್ತಿದರು. ಗಾಳಿ ಇದ್ದರೂ ಅಪ್ಪ ಸುಲಿದ ಕೈಯಲ್ಲಿ ಹುಟ್ಟು ಹಾಕುತ್ತಲೇ ಇದ್ದರು. ನನಗೆ ಒಂದು ಕ್ಷಣ ಖುಷಿ, ಮರುಕ್ಷಣ ಹೆದರಿಕೆ. ಅಕ್ಕ ಅಂಗಳದಲ್ಲಿ ಬಿದ್ದಿದ್ದರೆ? ಮಳೆಯಲ್ಲಿ ಯಾರೂ ಎತ್ತುವವರಿಲ್ಲದೆ ಮಲಗಿದ್ದರೆ? ನಾನು ಹಗ್ಗದ ಕಡೆಯಿಂದ ಕಣ್ಣು ತೆಗೆಯಲಿಲ್ಲ, ಅಲ್ಲಿ ಏನೂ ಕಾಣಲೂ ಇಲ್ಲ. ಕುದ್ರೋಳಿಯಲ್ಲಿ ದೋಣಿ ನಿಂತದ್ದೇ ಅಪ್ಪ ನನ್ನ ಕೈ ಹಿಡಿದು ಓಡಿದರು. ಉರ್ವದ ಏರಿನಲ್ಲಿ ಕೆಂಪು ನೀರು ಹರಿದು ಬರುತ್ತಿತ್ತು. ಅಪ್ಪ ಓಡಿದ್ದನ್ನು ನಾನು ಕಂಡದ್ದು ಜೀವಮಾನದಲ್ಲಿ ಅದೊಂದೇ ಸಲ.

ಅಕ್ಕ ಜಗಲಿಯ ಅಂಚಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಮಡಚಿದ ಹಳದಿ ಸೀರೆ. ಕಾಲಿಗೆಲ್ಲ ಅಂಗಳದ ಕೆಸರು. ಅಜ್ಜಿ ಬಾಗಿಲಲ್ಲಿ ಕೂತು ಒಂದೇ ಉಸಿರಿಗೆ ಬೈಯುತ್ತಲೂ ಅಳುತ್ತಲೂ ಇದ್ದರು. ಮೋಡ ನೋಡಿ ಅಜ್ಜಿ ಒಳಗಿನಿಂದ, ಆ ಸೀರೆ ಯಾರಾದರೂ ತೆಗೆಯಿರೋ ಎಂದು ಕೂಗಿದ್ದರಂತೆ. ಕೂಗಿ ತಿರುಗುವಾಗ ಮಂಚ ಖಾಲಿ. ಗೋಡೆ ಹಿಡಿದುಕೊಂಡು, ಕಂಬ ಹಿಡಿದುಕೊಂಡು, ಆಮೇಲೆ ಹಿಡಿಯಲು ಏನೂ ಇಲ್ಲದ ಅಂಗಳದಲ್ಲಿ ಒಬ್ಬಳೇ ನಡೆದುಹೋಗಿದ್ದಳು. ಅಷ್ಟು ಮಾಡಿಯೂ ಮಡಚದೆ ತೆಗೆದಳೇ? ಇಲ್ಲ.

ಅಕ್ಕ ನನ್ನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಮುಖಕ್ಕೆ ಮುಖ ಕೊಟ್ಟು ನೋಡಿದಳು. "ಕಂಡಿತಾ?" ಎಂದು ಕೇಳಿದಳು.

"ಕಂಡಿತು ಅಕ್ಕ" ಎಂದೆ.

ಅಪ್ಪ ಬಾವಿಕಟ್ಟೆಗೆ ಹೋಗಿ ಮುಖ ತೊಳೆಯತೊಡಗಿದರು. ಕೊಡ ಖಾಲಿಯಾದ ಮೇಲೂ ಅವರ ಬೆನ್ನು ನಮ್ಮ ಕಡೆಗೇ ಇತ್ತು. ಅಪ್ಪ ಅಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನನಗೂ ಅಳು ಬಂತು.

ಮುರು ಮೀನು ಬರಲಿಲ್ಲ. ಮಾಮ ಏದುಸಿರು ಬಿಡುತ್ತ ಹಿಂದಿನಿಂದ ಹತ್ತಿ ಬಂದು ಆ ಎರಡು ಕೆಂಪು ಮೀನನ್ನೇ ಕೊಟ್ಟುಹೋದರು. ಅಮ್ಮ ದೇವಸ್ಥಾನದಿಂದ ಪ್ರಸಾದ ಹಿಡಿದುಕೊಂಡು ಬಂದು, ಜಗಲಿಯಲ್ಲಿ ಕೂತ ಮಗಳನ್ನು ನೋಡಿ ಪ್ರಸಾದವನ್ನು ಅವಳ ಹಣೆಗೆ ಹಚ್ಚಿದರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾರು ಮಾಡಿದರು. ಅಕ್ಕ ಒಂದು ಬಟ್ಟಲು ಗಂಜಿ ಉಂಡು ಇನ್ನೂ ಸ್ವಲ್ಪ ಕೇಳಿದಳು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತಾರೆ, ಮಗಳು ಉಂಡರೂ ಕೇಡಲ್ಲ, ಬಡಿಸು ಎಂದರು ಅಜ್ಜಿ.

ಮರುದಿನದಿಂದ ಅಕ್ಕ ದಿನಕ್ಕೆ ನಾಲ್ಕು ಹೆಜ್ಜೆ, ಎಂಟು ಹೆಜ್ಜೆ ಎಂದು ನಡೆದಳು. ಕಾಕ ಬದುಕಿರುವ ತನಕ ನನ್ನನ್ನು ಕಂಡಾಗಲೆಲ್ಲ, ಇವತ್ತು ಯಾವ ಬಟ್ಟೆ ಗುರುತು ಎಂದು ಕೇಳುವುದನ್ನು ಬಿಡಲಿಲ್ಲ.

ಮೊನ್ನೆ ನೀವು ಗೆಳೆಯರೆಲ್ಲ ಸೇರಿ ಎಂಜಿನ್ ಬೋಟಿನಲ್ಲಿ ಗಾಳಕ್ಕೆ ಹೋಗಿ ಬಂದಿರಿ. ಅದರಲ್ಲಿ ಒಂದು ಪರದೆಯಂತೆ, ಸಮುದ್ರದ ತಳ ಬಣ್ಣಬಣ್ಣವಾಗಿ ಕಾಣುತ್ತದಂತೆ, ಬಂಡೆ ಎಲ್ಲಿ ಮೀನು ಎಲ್ಲಿ ಎಂದು ಅದೇ ಹೇಳುತ್ತದಂತೆ. ಮಳೆ ಬರುವ ಮೊದಲೇ ನಿಮ್ಮ ಫೋನು ಎಚ್ಚರಿಸಿತು, ನೀವು ಒಣಗಿದ ತಲೆಯಲ್ಲೇ ಮನೆ ಸೇರಿದಿರಿ. ನೀವು ಎಲ್ಲಿದ್ದೀರಿ ಎಂದು ನಿಮ್ಮ ಅಮ್ಮ ಇಲ್ಲಿ ಕೂತು ಫೋನಿನಲ್ಲಿ ಒಂದು ನೀಲಿ ಚುಕ್ಕೆ ನೋಡುತ್ತಿದ್ದಳು. ಒಳ್ಳೆಯದೇ ಆಯಿತು. ಸೋಪಿನ ಗುಂಡು ಹಿಡಿದುಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ.

ಆದರೆ ಮೋಡ ಕಟ್ಟಿದ ಕೂಡಲೇ ನಾನು ಕಂಕನಾಡಿಯಲ್ಲಿರುವ ಅಕ್ಕನಿಗೆ, ಅದೇ ನಿಮ್ಮ ದೊಡ್ಡಜ್ಜಿಗೆ ಫೋನ್ ಮಾಡಿ, ಬಟ್ಟೆ ತೆಗೆದಾಯಿತಾ ಎಂದು ಕೇಳುವಾಗ ನೀವು ಬಾಯಿಗೆ ಕೈ ಇಟ್ಟು ನಗುತ್ತೀರಿ. ಆರನೇ ಮಾಳಿಗೆಯ ಫ್ಲಾಟಿನಲ್ಲಿ ಹಗ್ಗ ಎಲ್ಲಿಂದ ಬಂತು ಅಜ್ಜ, ಅಲ್ಲಿ ಬಟ್ಟೆ ಒಣಗಿಸುವುದು ಮೆಷಿನ್ ಎನ್ನುತ್ತೀರಿ. ನನಗೆ ಗೊತ್ತಿಲ್ಲವೇ? ನಾನು ಬಟ್ಟೆಯ ವಿಷಯ ಕೇಳುವುದಲ್ಲ ಎಂದು ಇಷ್ಟು ಕೇಳಿದ ಮೇಲಾದರೂ ನಿಮಗೆ ತಿಳಿದಿರಬೇಕು.

ನಿನ್ನೆ ಸಂಜೆ ಮೋಡವಾದಾಗಲೂ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ಕಡೆಗೆ ಯಾರೋ ಎತ್ತಿ ನೆಲದ ಮೇಲೆ ಇಟ್ಟರು, ದೊಡ್ಡಜ್ಜಿಯ ಮೊಮ್ಮಗನೇ ಇರಬೇಕು. ದೂರದಿಂದ ಕೋಲಿನ ಸದ್ದು ಕೇಳಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಮೆಲ್ಲಗೆ, ಅವಸರವಿಲ್ಲದೆ, ಹತ್ತಿರ ಹತ್ತಿರ ಬಂತು. ಆಮೇಲೆ ನಾನು ಕೇಳುವ ಮೊದಲೇ ಅಕ್ಕನ ದನಿ.

"ತೆಗೆದಾಯ್ತು ಮಾರಾಯ. ಮಡಚಿಯೂ ಆಯ್ತು."